ತಳದ ಎರಡು ಫೂಟು

ನನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಸಕ್ಕರೆ ಕಾರ್ಖಾನೆಯಲ್ಲಿ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಕೆಲವರು ಬಿಡುವುದಿಲ್ಲ, ಅಲ್ಲೇನು ಎಂದು ಕೆದಕುತ್ತಾರೆ. ಟಾಕಿಯೊಳಗೆ ಮಾಲು ಎಷ್ಟಿದೆ ಎಂದು ಅಳೆಯುವ ಯಂತ್ರ ನೋಡಿಕೊಳ್ಳುತ್ತೇನೆ ಎಂದರೆ, ಅದಕ್ಕೆ ಯಂತ್ರವೇಕೆ, ಮುಚ್ಚಳ ತೆಗೆದು ಬಗ್ಗಿ ನೋಡಿದರೆ ಆಯಿತಲ್ಲ ಎಂದು ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ. ಆದರೆ ಹಾಗೆ ಒಮ್ಮೆ ಬಗ್ಗಿ ನೋಡದೇ ಹೋದದ್ದರಿಂದ ನನ್ನ ಅಣ್ಣ ಕಳ್ಳನೆನಿಸಿಕೊಂಡ. ಬಗ್ಗಿ ನೋಡಬೇಕಾಗಿದ್ದವನು ನಾನು.

ಕಾರ್ಖಾನೆ ಇರುವುದು ಬಬಲೇಶ್ವರದ ಆಚೆ, ಮಮದಾಪುರದ ಬಸ್ಸಿನಲ್ಲಿ ಹೋಗಿ ನಡುವೆ ಇಳಿಯಬೇಕು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಮಂದ ಪಾಕಕ್ಕೆ ಕಾಕಂಬಿ ಎನ್ನುತ್ತಾರೆ. ಅದನ್ನು ತುಂಬಿಡಲು ಅಲ್ಲಿ ಎರಡು ಕಬ್ಬಿಣದ ಟಾಕಿಗಳಿವೆ. ದೊಡ್ಡದು ನಲವತ್ತು ಫೂಟು ಎತ್ತರ. ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಅಣ್ಣ ಆ ಟಾಕಿಗಳ ಅಳತೆಯವನಾಗಿದ್ದ. ದಿನಾ ಬೆಳಿಗ್ಗೆ ಮತ್ತು ಸಂಜೆ ಕಬ್ಬಿಣದ ಮೆಟ್ಟಿಲು ಹತ್ತಿ, ಮೇಲಿನ ಮುಚ್ಚಳ ತೆಗೆದು, ತುದಿಗೆ ಹಿತ್ತಾಳೆಯ ಗುಂಡು ಕಟ್ಟಿದ ಟೇಪನ್ನು ತಳ ಮುಟ್ಟುವವರೆಗೆ ಬಿಡುತ್ತಿದ್ದ. ಮೇಲೆಳೆದಾಗ ಕಾಕಂಬಿ ಎಲ್ಲಿಯವರೆಗೆ ಮೆತ್ತಿರುತ್ತದೋ ಅಷ್ಟು ಮಾಲು. ಅದನ್ನು ಅಳತೆ ಪುಸ್ತಕದಲ್ಲಿ ಬರೆದು ಸಹಿ ಮಾಡುತ್ತಿದ್ದ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವನು, ಆದರೂ ಅವನ ಸಹಿ ನನ್ನ ಸಹಿಗಿಂತ ಚೆಂದ.

ಅಪ್ಪ ಅವ್ವ ಬೇಗ ಹೋದರು. ನನ್ನನ್ನು ಸಾಕಿದವನು, ವಿಜಯಪುರದಲ್ಲಿ ಇಟ್ಟು ಡಿಪ್ಲೊಮಾ ಓದಿಸಿದವನು ಅಣ್ಣ. ಅವನ ಕೈ ಎಷ್ಟು ತೊಳೆದರೂ ಬೆಲ್ಲದ ವಾಸನೆ ಹೋಗುತ್ತಿರಲಿಲ್ಲ. ಟಿಕೋಟಾದ ಮನೆಯಲ್ಲಿ ಅವನು ಹಾಸಿಗೆ ಮೇಲೆ ಕುಳಿತರೆ ಇರುವೆ ಸಾಲುಗಟ್ಟುತ್ತವೆ ಎಂದು ಅವನ ಹೆಂಡತಿ, ನನ್ನ ವೈನಿ, ತಮಾಷೆ ಮಾಡುತ್ತಿದ್ದಳು. ಡಿಪ್ಲೊಮಾ ಮುಗಿದ ಮೇಲೆ ಅದೇ ಕಾರ್ಖಾನೆಯಲ್ಲಿ ನನ್ನನ್ನು ಹಂಗಾಮಿ ನೌಕರಿಗೆ ಸೇರಿಸಿದವನೂ ಅವನೇ. ನಾನು ಸ್ಟೇಷನ್ ರಸ್ತೆಯ ಹತ್ತಿರ ಒಂದು ಕೋಣೆ ಹಿಡಿದು, ಅಲ್ಲಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಅಣ್ಣನಿಗೊಂದು ಪದ್ಧತಿ ಇತ್ತು. ಹಂಗಾಮು ಮುಗಿದು, ಕಾಕಂಬಿಯೆಲ್ಲ ಟ್ಯಾಂಕರುಗಳಲ್ಲಿ ಹೋದ ಮೇಲೂ, ದೊಡ್ಡ ಟಾಕಿಯ ತಳದಲ್ಲಿ ಎರಡು ಫೂಟು ಉಳಿಸುತ್ತಿದ್ದ. ನಮ್ಮ ಅಜ್ಜ ಬೇರೆಯವರ ಕಣದಲ್ಲಿ ಜೋಳ ಅಳೆದು ಕೂಲಿ ಪಡೆದವನು. ನೆಲದೊಳಗೆ ಕಾಳು ತುಂಬಿಡುವ ಹಗೆಯನ್ನು ಪೂರ್ತಿ ಬಳಿಯಬಾರದು, ಒಂದು ಹಿಡಿಯಾದರೂ ತಳದಲ್ಲಿರಬೇಕು, ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನಬೇಕು ಎಂದು ಅಣ್ಣನಿಗೆ ಕಲಿಸಿದ್ದ. ಜೋಳದ ಹಗೆಯ ಮಾತನ್ನು ಅಣ್ಣ ಕಾಕಂಬಿಯ ಟಾಕಿಗೂ ತಂದಿದ್ದ. ಮಾಲು ಹೊರಗೆ ಹೋಗುವ ಕೊಳವೆಯೂ ತಳದಿಂದ ಎರಡು ಫೂಟು ಮೇಲೇ ಇತ್ತು, ಕೆಳಗಿನ ರಾಡಿಯನ್ನು ಎಳೆದರೆ ಪಂಪು ಕಟ್ಟಿಕೊಳ್ಳುತ್ತಿತ್ತು. ಹಾಗಾಗಿ ಹಳೆಯ ಸಾಹೇಬರು ಯಾರೂ ಇದಕ್ಕೆ ಬೇಡ ಎಂದಿರಲಿಲ್ಲ. ಪುಸ್ತಕದಲ್ಲಿ ಪ್ರತಿ ವರ್ಷದ ಕೊನೆಯ ಸಾಲು ಎರಡು ಫೂಟು ಎಂದೇ ಇರುತ್ತಿತ್ತು.

ನಾನು ಅವನನ್ನು ಆಡಿಕೊಳ್ಳುತ್ತಿದ್ದೆ. ಗೋಡೆ ಮೇಲೆ ಬುದ್ಧನ ಪಟ ಹಾಕಿಕೊಂಡು ಹಗೆಗೆ ಕೈಮುಗಿಯುತ್ತೀಯಲ್ಲ ಎನ್ನುತ್ತಿದ್ದೆ. "ಕೈ ಮುಗ್ಯಾಂಗಿಲ್ಲೋ ತಮ್ಮಾ. ಉಣಿಸಿದ್ದಕ್ಕ ಒಂದೀಟು ಮರ್ಯಾದಿ ಕೊಡ್ತೀನಿ ಅಷ್ಟ" ಎನ್ನುತ್ತಿದ್ದ. ಆಗ ನನಗೆ ಇಪ್ಪತ್ತನಾಲ್ಕು. ಓದಿದವನೆಂಬ ಸೊಕ್ಕು ಮೈತುಂಬ ಇತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು.

ಆ ವರ್ಷ ಹೊಸ ಸಾಹೇಬರು ಬಂದರು, ಬೆಂಗಳೂರಿನ ಆಚೆ ಕಡೆಯವರು. ಅಳತೆಗೆ ಮನುಷ್ಯ ಮೇಲೆ ಹತ್ತುವುದು ಅವರಿಗೆ ಸರಿಬರಲಿಲ್ಲ. ಎರಡೂ ಟಾಕಿಗಳಿಗೆ ರಾಡಾರ್ ತರಿಸಿದರು. ಕಂಪನಿಯ ಇಂಜಿನಿಯರ್ ಒಬ್ಬ ಬಂದು ಚಿಕ್ಕ ಟಾಕಿಗೆ ತಾನೇ ಕೂಡಿಸಿ ತೋರಿಸಿದ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದಾಗ ಗೋಲಗುಮ್ಮಟದಲ್ಲಿ ಕೂಗಿದಂತೆ ಎಂದ. ನಮ್ಮ ಜಿಲ್ಲೆಗೆ ಬಂದ ಯಾರಾದರೂ ಸರಿ, ಅಣೆಕಟ್ಟಿಗೂ ಗೋಲಗುಮ್ಮಟ, ಆಸ್ಪತ್ರೆಗೂ ಗೋಲಗುಮ್ಮಟ. ನನಗೆ ಹೊಳೆದದ್ದು ಬಾವಿ. ಕತ್ತಲೆಯ ಬಾವಿಗೆ ಕಲ್ಲು ಒಗೆದು, ಸಪ್ಪಳ ಬರುವವರೆಗೆ ಎಣಿಸಿ, ನೀರು ಎಷ್ಟು ಆಳದಲ್ಲಿದೆ ಎಂದು ಹೇಳುತ್ತೇವಲ್ಲ, ರಾಡಾರ್ ಮಾಡುವುದೂ ಅಷ್ಟೇ. ಟಾಕಿಯ ತಲೆ ಮೇಲೆ ಕುಳಿತು, ಬೋರಲು ಹಾಕಿದ ಲಾಳಿಕೆಯಂಥ ಬಾಯಿಂದ ಕಣ್ಣಿಗೆ ಕಾಣದ ಅಲೆಯನ್ನು ಕೆಳಗೆ ಬಿಡುತ್ತದೆ. ಅಲೆ ಕಾಕಂಬಿಯ ಮೈಗೆ ತಾಗಿ ಮರಳುತ್ತದೆ. ಹೋಗಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಕತ್ತಲೆ, ಹಬೆ, ವಾಸನೆ ಯಾವುದರ ಹಂಗೂ ಅದಕ್ಕಿಲ್ಲ.

ಒಂದು ಮಾತು ಮಾತ್ರ ತಿಳಿದಿರಬೇಕು. ರಾಡಾರ್ ತುಂಬಿದ್ದನ್ನು ಅಳೆಯುವುದಿಲ್ಲ, ಖಾಲಿ ಇರುವುದನ್ನು ಅಳೆಯುತ್ತದೆ. ತನ್ನ ಬಾಯಿಂದ ಮಾಲಿನವರೆಗೆ ಎಷ್ಟು ಜಾಗ ಬರಿದಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ತಳ ಎಲ್ಲಿದೆ ಎಂದು ನಾವೇ ಹೇಳಿಕೊಡಬೇಕು. ಆ ತಳಕ್ಕೆ ಸೊನ್ನೆ ಎನ್ನುತ್ತೇವೆ. ಸೊನ್ನೆ ತಪ್ಪಿದರೆ ಆಮೇಲೆ ಬರುವ ಎಲ್ಲ ಅಂಕಿಗಳೂ ತಪ್ಪುತ್ತವೆ, ಆದರೆ ಒಂದೇ ಹದದಲ್ಲಿ ತಪ್ಪುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ದೊಡ್ಡ ಟಾಕಿಯನ್ನು ನಾನೇ ಕೂಡಿಸುತ್ತೇನೆ ಎಂದು ಸಾಹೇಬರ ಮುಂದೆ ಹೇಳಿಕೊಂಡಿದ್ದೆ. ಅದು ಸರಿಯಾದರೆ ನನ್ನ ನೌಕರಿ ಕಾಯಂ ಮಾಡುವುದಾಗಿ ಅವರು ಹೇಳಿದ್ದರು. ಹಿಂದಿನ ದಿನ ಸಂಜೆ ಟಿಕೋಟಾಕ್ಕೆ ಹೋದೆ. ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ, ನಾನು ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದೆವು. ನಾನು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕಂಪನಿಯ ಇಂಜಿನಿಯರನಿಗೆ ಮೆಸೇಜು ಹಾಕುತ್ತಿದ್ದೆ.

"ತಮ್ಮಾ, ದೊಡ್ಡ ಟಾಕಿ ಖಾಲಿ ಆಗೈತಿ ಅಂದ್ರ ಪೂರಾ ಖಾಲಿ ಅಲ್ಲ" ಎಂದ ಅಣ್ಣ. "ತಳದಾಗ ಎರಡು ಫೂಟು ಬಿಟ್ಟೇನಿ. ನಿನ್ನ ಮಿಷನ್ ಕೂಡಸೂಮುಂದ ಅದನ್ನ ಲೆಕ್ಕಕ್ಕ ಹಿಡಕೊ. ಬೇಕಂದ್ರ ನಾಳೆ ಗುಂಡು ಬಿಟ್ಟು ತೋರಸ್ತೀನಿ."

ನಾನು ಹೂಂ ಎಂದೆ. ತಲೆ ಎತ್ತಲೂ ಇಲ್ಲ.

ಮರುದಿನ ಅಣ್ಣನಿಗೆ ಗೋದಾಮಿನಲ್ಲಿ ಕೆಲಸ ಹಚ್ಚಿದ್ದರು. ಇಬ್ಬರು ಫಿಟ್ಟರುಗಳು ಮೇಲೆ ಹತ್ತಿ, ಅಣ್ಣ ಟೇಪು ಬಿಡುತ್ತಿದ್ದ ಅದೇ ಬಾಯಿಯ ಮುಚ್ಚಳ ತೆಗೆದು, ಅಲ್ಲಿ ರಾಡಾರ್ ಕೂಡಿಸಿ ಎಂಟು ಬೋಲ್ಟು ಬಿಗಿದರು. ಹಳೆಯ ಟಾಕಿ, ಮೇಲೆ ಬೇರೆ ಬಾಯಿ ಇರಲಿಲ್ಲ. ನಾನು ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದೆ ಕುಳಿತಿದ್ದೆ. ಪರದೆಯಲ್ಲಿ ಅಲೆಯ ಗೆರೆ ಗುಡ್ಡ ಗುಡ್ಡವಾಗಿ ಕಾಣುತ್ತದೆ, ಎಲ್ಲಕ್ಕಿಂತ ಎತ್ತರದ ಗುಡ್ಡವೇ ಮಾಲಿನ ಮೈ ಅಥವಾ ಬರಿದಾದ ತಳ. ಆ ಗುಡ್ಡ ಮೂವತ್ತೆಂಟು ಫೂಟಿನ ಹತ್ತಿರ ನಿಂತಿತ್ತು. ನಕಾಶೆಯಲ್ಲಿ ನಲವತ್ತು ಎಂದಿತ್ತು. ನಮ್ಮ ಕಡೆ ಟಾಕಿ ಕಟ್ಟುವವರು ನಕಾಶೆಯನ್ನು ಎಂದು ನೋಡಿದ್ದಾರೆ ಎಂದು ನಾನೊಬ್ಬನೇ ನಕ್ಕೆ. ಮೂವತ್ತೆಂಟನ್ನೇ ತಳ ಎಂದು ಒಪ್ಪಿಸಿ ಗುಂಡಿ ಒತ್ತಿದೆ. ಪರದೆ ಸೊನ್ನೆ ತೋರಿಸಿತು. ಅಣ್ಣನ ಮಾತು ನೆನಪಿಗೂ ಬರಲಿಲ್ಲ.

ಮೂರು ದಿನ ಬಿಟ್ಟು ಸಾಹೇಬರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಅಣ್ಣನ ಅಳತೆ ಪುಸ್ತಕ ತೆರೆದಿತ್ತು.

"ಇಲ್ಲಿ ಎರಡು ಅಡಿ ಅಂತ ಬರೆದಿದ್ದೀಯ. ಯಂತ್ರ ಸೊನ್ನೆ ತೋರಿಸ್ತಿದೆ. ಆ ಎರಡು ಅಡಿ ಎಲ್ಲಿ ಹೋಯ್ತು?" ಎಂದರು.

"ಟಾಕ್ಯಾಗ ಐತ್ರಿ ಸಾಹೇಬ್ರ" ಎಂದ ಅಣ್ಣ. "ತಳಾ ಮುಟ್ಟಬಾರದು ಅಂತ ಪ್ರತಿ ವರ್ಷ ಬಿಡ್ತೀನ್ರಿ."

"ಅಂದರೆ ಪ್ರತಿ ವರ್ಷ ಪುಸ್ತಕದಲ್ಲಿ ಎರಡು ಅಡಿ ಇರುತ್ತೆ, ಟ್ಯಾಂಕಿನಲ್ಲಿ ಇರಲ್ಲ. ಎಷ್ಟು ವರ್ಷದಿಂದ ನಡೀತಿದೆ ಇದು?"

"ಟಾಕ್ಯಾಗ ಐತ್ರಿ" ಎಂದು ಅಣ್ಣ ಮತ್ತೆ ಅದನ್ನೇ ಹೇಳಿದ. ಅವನಿಗೆ ವಾದ ಮಾಡಲು ಬರುತ್ತಿರಲಿಲ್ಲ. ಸತ್ಯವನ್ನು ಎರಡು ಸಲ ಹೇಳಿದರೆ ಸಾಕು ಎಂದು ನಂಬಿದ್ದ.

ಸಾಹೇಬರು ನನ್ನ ಕಡೆ ತಿರುಗಿದರು. "ಏನಪ್ಪಾ, ಯಂತ್ರ ಬಿಚ್ಚಿ ಒಂದು ಸಲ ನೋಡಬೇಕಾ?"

ಎಂಟು ಬೋಲ್ಟು. ಅರ್ಧ ತಾಸಿನ ಕೆಲಸ. "ಬೇಕಾಗಿಲ್ಲ ಸರ್. ಸೊನ್ನೆ ನಾನೇ ಕೂಡ್ಸೇನಿ, ಬರೋಬ್ಬರಿ ಐತಿ" ಎಂದೆ. ಆ ಗಳಿಗೆಯವರೆಗೂ ನಾನು ನಿಜವಾಗಿ ಹಾಗೆಯೇ ನಂಬಿದ್ದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ, ನಡೆದದ್ದು ಹಾಗೆ.

ಆಗ ಸಾಹೇಬರು ಅಣ್ಣನಿಗೆ ಕೊನೆಯ ಪ್ರಶ್ನೆ ಕೇಳಿದರು. ಯಂತ್ರ ಕೂಡಿಸುವ ಮೊದಲು ಈ ಎರಡು ಅಡಿಯ ವಿಷಯ ಯಾರಿಗಾದರೂ ಹೇಳಿದ್ದೆಯಾ ಎಂದರು. ಅಣ್ಣ ನನ್ನ ಮುಖ ನೋಡಿದ. ಸಿಟ್ಟಿನಿಂದ ನೋಡಲಿಲ್ಲ. ಚಿಕ್ಕವನಿದ್ದಾಗ ನಾನು ರಸ್ತೆ ದಾಟುವಾಗ ಹೀಗೇ ನೋಡುತ್ತಿದ್ದ. ಆ ನೋಟ ಕಂಡಾಗಲೇ ನನಗೆ ಪಡಸಾಲೆಯ ಊಟ, ನಾನಂದ ಹೂಂ ಎಲ್ಲ ಒಮ್ಮೆಲೇ ನೆನಪಾಯಿತು.

"ಇಲ್ರಿ" ಎಂದ ಅಣ್ಣ. "ಯಾರಿಗೂ ಹೇಳಿಲ್ರಿ."

ನನಗೆ ಹೇಳಿದ್ದ ಎನ್ನಬೇಕಿತ್ತು. ಮೂರು ಶಬ್ದವೂ ಇಲ್ಲ. ಬಾಯಿ ತೆರೆದೆ ಎಂದೇ ನನಗೆ ನೆನಪು, ಆದರೆ ಮಾತು ಬರಲಿಲ್ಲ. ನನ್ನ ಕಾಯಂ ಕಾಗದ ಅದೇ ಮೇಜಿನ ಯಾವುದೋ ಖಾನೆಯಲ್ಲಿ ಸಹಿಗೆ ಕಾದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದೇ ಉಳಿದ ಮಾತಿನ ಗತಿಯೇನು ಎಂದು ಅವರು ಹೇಳಿಲ್ಲ.

ಅಣ್ಣನನ್ನು ಪೊಲೀಸರಿಗೆ ಕೊಡಲಿಲ್ಲ, ಕೆಲಸದಿಂದಲೂ ತೆಗೆಯಲಿಲ್ಲ. ಸಾಹೇಬರು ಅದನ್ನೇ ದೊಡ್ಡ ಉಪಕಾರವೆಂದು ತಿಳಿದಿದ್ದರು. ಅಳತೆ ಪುಸ್ತಕ ಕಸಿದುಕೊಂಡು ಅವನನ್ನು ಕಬ್ಬಿನ ಅಂಗಳಕ್ಕೆ ಹಾಕಿದರು. ಟ್ರ್ಯಾಕ್ಟರುಗಳು ಹಿಂದೆ ಬರುವಾಗ ಕೈ ತೋರಿಸಿ ನಿಲ್ಲಿಸುವ ಕೆಲಸ. ಸುದ್ದಿ ಅಷ್ಟೊತ್ತಿಗೆ ಎಲ್ಲರ ಬಾಯಲ್ಲಿತ್ತು. ಹಂಗಾಮು ಶುರುವಾದ ಮೇಲೆ ಡ್ರೈವರುಗಳು ಗಾಡಿ ಹಿಂದೆ ಸರಿಸುತ್ತ, "ಇನ್ನೂ ಎರಡು ಫೂಟು ಐತೇನ್ರಿ ಮಾಮಾ?" ಎಂದು ಕೇಳಿ ನಗುತ್ತಿದ್ದರು. ಅಣ್ಣ ನಗುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಕೈ ಮಾತ್ರ ತೋರಿಸುತ್ತಿದ್ದ.

ಅದಕ್ಕೂ ಮೊದಲು, ಹಂಗಾಮು ಶುರುವಾಗುವ ಹಿಂದಿನ ಭಾನುವಾರ, ನಾನೊಬ್ಬನೇ ಬೋಲ್ಟು ಬಿಚ್ಚುವ ಪಾನಾ ಹಿಡಿದು ದೊಡ್ಡ ಟಾಕಿ ಹತ್ತಿದೆ. ಕಾವಲುಗಾರನಿಗೆ ಕೇಬಲ್ಲು ನೋಡಬೇಕು ಎಂದು ಸುಳ್ಳು ಹೇಳಿದ್ದೆ. ಬಿಸಿಲಿಗೆ ಕಬ್ಬಿಣ ಕಾದು ಚಪ್ಪಲಿಯ ಅಟ್ಟೆ ಮೆತ್ತಗಾಗಿತ್ತು. ಒಂದು ಬೋಲ್ಟು ಸಡಿಲಿಸಿದೆ. ಎರಡನೆಯದನ್ನೂ ಸಡಿಲಿಸಿದೆ. ಉಳಿದ ಆರು ಬಿಚ್ಚಿದರೆ ಒಳಗೆ ಏನಿದೆ ಎಂದು ಕಂಡುಬಿಡುತ್ತದೆ. ಕಂಡರೆ ಹೇಳಬೇಕಾಗುತ್ತದೆ. ಕಾಣದಿದ್ದರೆ ನಕಾಶೆಯೇ ತಪ್ಪಿರಬಹುದು, ಅಣ್ಣನೇ ಮರೆತಿರಬಹುದು ಎಂದುಕೊಂಡು ಬದುಕಬಹುದು. ಬಿಸಿಲಲ್ಲಿ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಎರಡೂ ಬೋಲ್ಟುಗಳನ್ನು ಮತ್ತೆ ಬಿಗಿದು ಕೆಳಗಿಳಿದೆ. ನನ್ನ ಇಡೀ ಬದುಕಿನಲ್ಲಿ ಅದಕ್ಕಿಂತ ಹೇಡಿ ಕೆಲಸ ಇನ್ನೊಂದು ಮಾಡಿಲ್ಲ.

ಆ ವಾರವೇ ಕಬ್ಬು ಅರೆಯಲು ಶುರುವಾಯಿತು. ಕಾಕಂಬಿ ಟಾಕಿಗೆ ಇಳಿಯಿತು, ಹಳೆಯ ಎರಡು ಫೂಟು ಹೊಸದರ ಅಡಿಯಲ್ಲಿ ಮುಚ್ಚಿಹೋಯಿತು. ಹಂಗಾಮು ಮುಗಿದು ಮಾಲೆಲ್ಲ ಹೊರಗೆ ಹೋದಾಗ, ರಾಡಾರ್ ಸೊನ್ನೆ ತೋರಿಸುವುದಕ್ಕೂ ಪಂಪು ಗಾಳಿ ಎಳೆಯುವುದಕ್ಕೂ ಸರಿಹೋಯಿತು. ಹೋಗದೇ ಏನು, ಕೊಳವೆ ಇದ್ದದ್ದೇ ಎರಡು ಫೂಟಿನ ಮೇಲೆ. ಸಾಹೇಬರು ನನ್ನ ಬೆನ್ನು ತಟ್ಟಿ, ನೋಡು, ಯಂತ್ರ ಎಷ್ಟು ನಿಖರ ಎಂದರು. ಅಷ್ಟರಲ್ಲಿ ನಾನು ಕಾಯಂ ಆಗಿದ್ದೆ. ಅಣ್ಣ ಹಂಗಾಮಿನ ನಡುವೆಯೇ ಕೆಲಸ ಬಿಟ್ಟಿದ್ದ.

ಅವನು ಟಿಕೋಟಾದಲ್ಲೇ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕೂಲಿಗೆ ಹೋಗತೊಡಗಿದ. ಹಸಿ ದ್ರಾಕ್ಷಿಯನ್ನು ಬಲೆಯ ಮೇಲೆ ಹರವುವುದು, ಒಣಗಿದ ಮೇಲೆ ಉದುರಿಸುವುದು. ವೈನಿಯೂ ಅಲ್ಲೇ ಕಡ್ಡಿ ಬಿಡಿಸುತ್ತಿದ್ದಳು. ಶೆಡ್ಡಿನ ಮಾಲೀಕರು ಒಳ್ಳೆಯವರು. ಇವನು ಓದು ಬರಹ ಬಲ್ಲವನೆಂದು, ಬಾಕ್ಸು ತೂಗಿ ಬರೆದಿಡುವ ಕೆಲಸ ಕೊಡಲು ನೋಡಿದರಂತೆ. ಬಿಸಿಲಿಲ್ಲ, ಕುಳಿತು ಮಾಡುವ ಕೆಲಸ. "ತೂಕ ಅಳತಿ ನನಗ ಬ್ಯಾಡ್ರಿ. ಬ್ಯಾರೆ ಏನರ ಹೇಳ್ರಿ, ಮಾಡ್ತೀನಿ" ಎಂದನಂತೆ ಅಣ್ಣ. ಇದನ್ನು ವೈನಿ ನನಗೆ ಹೇಳಿದಾಗ ಅವನು ಪಕ್ಕದಲ್ಲೇ ಕುಳಿತು ಚಹಾ ಆರಿಸಿಕೊಳ್ಳುತ್ತಿದ್ದ.

ನಾನು ತಿಂಗಳಲ್ಲಿ ಎರಡು ಭಾನುವಾರ ಟಿಕೋಟಾಕ್ಕೆ ಹೋಗುತ್ತಿದ್ದೆ. ಪ್ರತಿ ಸಲ ಬಸ್ಸಿನಲ್ಲಿ ಕುಳಿತು, ಇವತ್ತು ಹೇಳಬೇಕು ಎಂದು ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅಣ್ಣಾ, ತಪ್ಪು ನನ್ನದು, ನಾಳೆಯೇ ಸಾಹೇಬರಿಗೆ ಹೇಳುತ್ತೇನೆ. ಅಷ್ಟೇ ಹೇಳಬೇಕಾಗಿದ್ದದ್ದು. ಹೊಸ್ತಿಲು ದಾಟಿದರೆ ಬೇರೆಯೇ ಮಾತು ಬರುತ್ತಿತ್ತು. ಮಳೆ ಬಂದರೆ ದ್ರಾಕ್ಷಿ ಕೆಡುತ್ತದೆ, ಬಸ್ಸು ತಡವಾಯಿತು, ಸ್ಟೇಷನ್ ರಸ್ತೆ ಅಗೆದು ಹಾಕಿದ್ದಾರೆ. ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಕಾರ್ಖಾನೆಯ ಸುದ್ದಿ ಒಂದು ಸಲವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೂರು ವರ್ಷ ಹೀಗೇ ಕಳೆಯಿತು.

ಮೂರನೆಯ ಬೇಸಿಗೆಯಲ್ಲಿ ಅಣ್ಣ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ವಿಜಯಪುರಕ್ಕೆ ಕರೆತರುವಷ್ಟರಲ್ಲಿ ಮುಗಿದಿತ್ತು. ನಲವತ್ತು ತುಂಬಿರಲಿಲ್ಲ. ಕನಮಡಿಯಿಂದ ವೈನಿಯ ತವರಿನವರು ಬಂದರು. ಎಲ್ಲರೂ ಬಿಳಿ ಬಟ್ಟೆ ಉಟ್ಟು, ಬುದ್ಧನ ಪಟದ ಮುಂದೆ ಮೇಣಬತ್ತಿ ಹಚ್ಚಿ ತ್ರಿಶರಣ ಹೇಳಿದೆವು. ಕಾರ್ಖಾನೆಯಿಂದ ಬಂದವರು ನಾಲ್ಕೇ ಜನ. ಅವರಲ್ಲೊಬ್ಬ ಹಳೆಯ ಫಿಟ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಭಾಳ ಚೊಲೊ ಮನಷ್ಯಾ ಇದ್ದ ನೋಡ್ರಿ. ಆ ಎರಡು ಫೂಟಿನ ಭಾನಗಡಿ ಒಂದು ಬಿಟ್ರ" ಎಂದ. ಸಮಾಧಾನ ಹೇಳಲೆಂದೇ ಅಂದದ್ದು. ಅಣ್ಣನ ಹೆಣದ ಮುಂದೆ ನಿಂತು ನಾನು ಅದಕ್ಕೂ ತಲೆಯಾಡಿಸಿದೆ.

ಆಮೇಲೆ ನಾಲ್ಕು ತಿಂಗಳಿಗೆ ದೊಡ್ಡ ಟಾಕಿಯ ತಳದ ಅಂಚಿನಲ್ಲಿ ಕಪ್ಪಗೆ ಜಿನುಗತೊಡಗಿತು. ತಳದ ತಗಡು ತುಕ್ಕು ಹಿಡಿದು ತೂತಾಗಿದೆ, ಬದಲಿಸಬೇಕು ಎಂದರು. ಮಾಲು ಖಾಲಿ ಮಾಡಿ, ರಾಡಾರ್ ಸೊನ್ನೆ ತೋರಿಸಿದ ಮೇಲೆ, ಸೊಂಟದ ಎತ್ತರದಲ್ಲಿ ಗ್ಯಾಸಿನಿಂದ ಗೋಡೆ ಕೊಯ್ದು ಬಾಗಿಲು ಮಾಡಿದರು. ಕೊಯ್ದ ತುಂಡು ಬಿದ್ದಾಗ ಮೊದಲು ಬಂದದ್ದು ಹಳೆಯ ಬೆಲ್ಲದ ಹುಳಿ ವಾಸನೆ. ನಾನು ಬ್ಯಾಟರಿ ಹಾಕಿ ಒಳಗೆ ನೋಡಿದೆ. ಗೋಡೆಯಿಂದ ಗೋಡೆಗೆ ಕಾಕಂಬಿ ಕದಲದೆ ನಿಂತಿತ್ತು. ಫಿಟ್ಟರ್ ಒಂದು ಕೋಲು ತಂದು ತಳದವರೆಗೆ ಚುಚ್ಚಿ ತೆಗೆದ. ಅದಕ್ಕೆ ನಾನೇ ಟೇಪು ಹಿಡಿದೆ. ಎರಡು ಫೂಟು, ಮೇಲೆ ಒಂದು ಬೆರಳು.

"ಅಂದ್ರ ಮಾಮಾ ಬರದದ್ದು ಖರೇ ಇತ್ತು" ಎಂದ ಫಿಟ್ಟರ್. ಮಣ್ಣಿಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದವನೇ ಅವನು. ನಾನು ಅಲ್ಲೇ ಕಾಕಂಬಿ ಮೆತ್ತಿದ ನೆಲದ ಮೇಲೆ ಕುಳಿತು ಅತ್ತೆ. ಉಳಿದವರು ಕೆಲಸ ನಿಲ್ಲಿಸಿ ದೂರ ಹೋಗಿ ನಿಂತರು.

ಆ ಹೊತ್ತಿಗೆ ಹಿಂದಿನ ಸಾಹೇಬರು ಬೇರೆ ಕಾರ್ಖಾನೆಗೆ ಹೋಗಿದ್ದರು. ಈಗಿನವರ ಕೋಣೆಗೆ ಹೋಗಿ ಮೊದಲಿನಿಂದ ಎಲ್ಲ ಹೇಳಿದೆ. ಅಣ್ಣ ನನಗೆ ಹೇಳಿದ್ದ, ನಾನು ಕೇಳಿಸಿಕೊಳ್ಳಲಿಲ್ಲ, ಸೊನ್ನೆ ತಪ್ಪಾಗಿ ಕೂಡಿಸಿದೆ, ಸಾಹೇಬರು ಕೇಳಿದಾಗ ಸುಮ್ಮನಿದ್ದೆ. ಅವರು ತಾಳ್ಮೆಯಿಂದ ಕೇಳಿದರು. ಹಳೆಯ ವಿಷಯ, ಮನುಷ್ಯನೂ ಇಲ್ಲ, ಈಗ ಯಾಕೆ ಎಂದರು. ಸೆಟ್ಟಿಂಗ್ ಸರಿಮಾಡಿಕೋ ಎಂದು ಹೇಳಿ ಬೇರೆ ಕಾಗದ ಕೈಗೆತ್ತಿಕೊಂಡರು. ಯಾವ ನೌಕರಿ ಹೋದೀತೆಂದು ಮೂರು ವರ್ಷ ಹೆದರಿದ್ದೆನೋ ಅದಕ್ಕೆ ಒಂದು ಮೆಮೋ ಕೂಡ ಬರಲಿಲ್ಲ. ಕಂಟ್ರೋಲ್ ರೂಮಿಗೆ ಹೋಗಿ ಮೂವತ್ತೆಂಟನ್ನು ಅಳಿಸಿ ನಲವತ್ತು ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಅವತ್ತೇ ಸಂಜೆಯ ಬಸ್ಸಿಗೆ ಟಿಕೋಟಾಕ್ಕೆ ಹೋದೆ. ವೈನಿ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಒಣದ್ರಾಕ್ಷಿ ಹಾಕಿಕೊಂಡು ಕಡ್ಡಿ ಬಿಡಿಸುತ್ತಿದ್ದಳು. ಎದುರಿಗೆ ಕುಳಿತು, ಫೋನಿನಲ್ಲಿ ತೆಗೆದ ಟಾಕಿಯ ಫೋಟೋ ತೋರಿಸಿದೆ. "ವೈನಿ, ತಪ್ಪು ನಂದು. ಅಣ್ಣ ನನಗ ಮೊದಲಽ ಹೇಳಿದ್ದ" ಎಂದೆ.

ಅವಳು ಫೋಟೋ ನೋಡಿದಳು, ಫೋನು ತಿರುಗಿ ಕೊಟ್ಟಳು. "ಗೊತ್ತೈತಿ" ಎಂದಳು. "ಅಂವ ಹೇಳೂಮುಂದ ನಾ ಒಳಗ ರೊಟ್ಟಿ ಬಡೀತಿದ್ನೆಲ್ಲ. ನೀ ಹೂಂ ಅಂದದ್ದೂ ಕೇಳೇನಿ."

ಕಾರ್ಖಾನೆಯಿಂದ ಅಣ್ಣನದು ತಪ್ಪಿಲ್ಲವೆಂದು ಬರೆಸಿಕೊಂಡು ಬರುತ್ತೇನೆ ಎಂದೆ. "ಬರಸ್ಕೊಂಡ ಬಂದು ಯಾರಿಗೆ ಓದಿ ಹೇಳ್ತಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

"ನಾ ಸಾಕಷ್ಟು ಜಗಳಾ ಮಾಡೇನಿ ಅವನ ಸಂಗಾಟ" ಎಂದು ಕಡ್ಡಿ ಬಿಡಿಸುತ್ತ ತಾನೇ ಮಾತು ತೆಗೆದಳು. "ನಡಿ, ಸಾಹೇಬ್ರ ಮುಂದ ನಾನಽ ಸಾಕ್ಷಿ ಹೇಳ್ತೀನಿ ಅಂದೆ. ಬ್ಯಾಡ ಅಂದ. ಹುಡುಗನ ನೌಕರಿ ಹೊಕ್ಕೈತಿ, ಅಂವ ತಾನಽ ಹೇಳಲಿ ಅಂದ. ಕಾರ್ಖಾನಿಯವ್ರು ಏನರ ಅನ್ನವಲ್ರ್ಯಾಕ, ತಮ್ಮ ಒಂದು ಸಲ ನನ್ನ ಮುಂದ ಹೇಳಿದ್ರ ಸಾಕು ನನಗ, ಅಂತಿದ್ದ."

ಕೈಯಲ್ಲಿದ್ದ ಕಡ್ಡಿಗಳನ್ನು ಪಕ್ಕಕ್ಕೆ ಹಾಕಿ, ಮೊರವನ್ನು ಒಮ್ಮೆ ಕೊಡವಿದಳು.

"ನೀ ಬರೂ ಐತವಾರ ಬೆಳಿಗ್ಗೆನಽ ಜಳಕಾ ಮಾಡಿ, ಒಗದ ಅಂಗಿ ಹಾಕ್ಕೊಂಡು ಕುಂದ್ರತಿದ್ದ ತಮ್ಮಾ. ಇವತ್ತ ಹೇಳ್ತಾನ ನೋಡ ಅಂತಿದ್ದ. ನೀ ಹೋದ ಮ್ಯಾಲ ಅಂಗಿ ಕಳದು ಗೂಟಕ್ಕ ಹಾಕಿ ಕೆಲಸಕ್ಕ ಹೊಕ್ಕಿದ್ದ."

ಆ ಅಂಗಿಯನ್ನು ನಾನು ನೋಡಿದ್ದೆ. ಮೂರು ವರ್ಷ, ಹೋದಾಗಲೆಲ್ಲ ನೋಡಿದ್ದೆ. ಅಣ್ಣ ಎಲ್ಲಿಗೋ ಹೊರಟು ನಿಂತಿದ್ದಾನೆ, ತಡಮಾಡಬಾರದು ಎಂದುಕೊಂಡು ಪ್ರತಿ ಸಲವೂ ನಾನೇ ಬೇಗ ಎದ್ದು ಬರುತ್ತಿದ್ದೆ.